ಊಟಿ ದಾರಿಯಲ್ಲಿ ಟೈರ್ ಗಾಳಿಯ ಹಳದಿ ದೀಪ

ಚಳಿಗಾಲದಲ್ಲಿ ಕಾರು ತಗೊಂಡು ಊಟಿಗೆ ಹೊರಟಿದ್ದೀರಾ? ಹಾಗಾದರೆ ನಮಗೆ ಆದದ್ದನ್ನು ಹೇಳ್ತೀನಿ, ಕೇಳಿ. ಜನವರಿಯಲ್ಲಿ ನಾನು, ಹೆಂಡತಿ, ಮಗಳು, ಅಮ್ಮ ಬೆಂಗಳೂರಿನಿಂದ ಹೊರಟೆವು. ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ. ಎಲ್ಲರಿಗೂ ಗೊತ್ತಿರುವ ದಾರಿ. ಮೂರು ದಿನದಲ್ಲಿ ಎರಡು ಸಲ ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಗಾಳಿ ಕಡಿಮೆ ಅಂತ ಹೇಳುವ ಹಳದಿ ದೀಪ ಹತ್ತಿತು. ಎರಡು ಸಲವೂ ಕಾರಣ ಬೇರೆ ಬೇರೆ.

ಕುದುರೆ ಲಾಳದ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅದೇ ಆ ದೀಪ. ಮೊದಲ ಸಲ ಹತ್ತಿದ್ದು ಊಟಿಯಲ್ಲಿ, ಬೆಳಿಗ್ಗೆ ಏಳು ಗಂಟೆಗೆ. ಕಾರಿನ ಮೇಲೆಲ್ಲ ಇಬ್ಬನಿ. ಹೊರಗೆ 6 ಡಿಗ್ರಿ. ಪಂಚರ್ ಆಗಿರಬೇಕು ಅಂತ ಗಾಬರಿಯಾಗಿ ಇಳಿದು ನೋಡಿದೆ. ಯಾವ ಟೈರೂ ಕೂತಿರಲಿಲ್ಲ. ಗಾಳಿ ಅಳೆಯುವ ಗೇಜ್ ಹಿಡಿದು ನೋಡಿದರೆ 26, 26, 27, 26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಇರಬೇಕಾದ್ದು 33.

ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಇಳಿದಿದ್ದವು. ಮೊಳೆ ಚುಚ್ಚಿದ್ದರೆ ಹಾಗೆ ಆಗಲ್ಲ, ಅಲ್ವಾ? ಅದು ಚಳಿಯ ಕೆಲಸ. ಟೈರಿನೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಹತ್ತಿರ ಹತ್ತಿರ 2 ಪಿಎಸ್‌ಐ ಇಳಿಯುತ್ತೆ. ಜೊತೆಗೆ ನನ್ನದೇ ತಪ್ಪೂ ಇತ್ತು. ಹೊರಡುವ ಹಿಂದಿನ ಸಂಜೆ ಊರೆಲ್ಲ ಸುತ್ತಿ, ಟೈರ್ ಬಿಸಿ ಇರುವಾಗಲೇ ಬಂಕಿನಲ್ಲಿ 33ಕ್ಕೆ ಗಾಳಿ ಹೊಡೆಸಿದ್ದೆ. ಬಿಸಿ ಟೈರ್ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ತಣ್ಣಗಾದ ಮೇಲೆ ಅಷ್ಟೂ ಕಡಿಮೆ. ಗಾಳಿ ನೋಡೋದಾದರೆ ಬೆಳಿಗ್ಗೆ, ಗಾಡಿ ಮೂರು ಗಂಟೆಯಾದರೂ ನಿಂತಿದ್ದ ಮೇಲೆ ನೋಡಿ. ಎಷ್ಟು ಇರಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಬಾಗಿಲ ಚೌಕಟ್ಟಿನ ಮೇಲೆ ಸ್ಟಿಕ್ಕರ್‌ನಲ್ಲಿ ಇರುತ್ತೆ. ಟೈರಿನ ಮೇಲೆ ಅಚ್ಚಾಗಿರುವ ಗಾಳಿಯ ಸಂಖ್ಯೆ ಅದಲ್ಲ. ಅದು ಆ ಟೈರ್ ತಾಳುವ ಕೊನೆಯ ಮಿತಿ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಏರ್ ಪಂಪ್ ನಮ್ಮ ಹತ್ತಿರ ಇತ್ತು. ಹತ್ತೇ ನಿಮಿಷದಲ್ಲಿ ನಾಲ್ಕಕ್ಕೂ 33 ಹಾಕಿದೆ. ದೀಪ ತಕ್ಷಣ ಆರಲಿಲ್ಲ. ಹೆದರಬೇಡಿ, ಸ್ವಲ್ಪ ದೂರ ಓಡಿಸಿದ ಮೇಲೆ ಆರುತ್ತೆ. ನಮ್ಮ ಕಾರಿನಲ್ಲಿ ಪ್ರತಿ ಚಕ್ರಕ್ಕೂ ಸೆನ್ಸರ್ ಇದೆ. ಕೆಲವು ಕಾರುಗಳು ಚಕ್ರ ತಿರುಗುವ ವೇಗ ನೋಡಿ ಗಾಳಿ ಕಡಿಮೆಯಾಗಿದೆಯಾ ಅಂತ ಲೆಕ್ಕ ಹಾಕುತ್ತವೆ. ಅಂಥ ಕಾರಾದರೆ ಗಾಳಿ ಸರಿ ಮಾಡಿದ ಮೇಲೆ ರೀಸೆಟ್ ಕೊಡಬೇಕು. ಗಾಳಿ ಹಾಕದೆ ಸುಮ್ನೆ ರೀಸೆಟ್ ಒತ್ತಬೇಡಿ, ಕಡಿಮೆ ಗಾಳಿಯನ್ನೇ ಅದು ಸರಿ ಅಂದುಕೊಳ್ಳುತ್ತೆ. ಇನ್ನು ಸ್ಟಾರ್ಟ್ ಮಾಡಿದಾಗ ದೀಪ ಒಂದು ನಿಮಿಷ ಮಿಣುಕಿ ಆಮೇಲೆ ಆರದೆ ಹಾಗೇ ಉರೀತಾ ಇದ್ದರೆ ಸೆನ್ಸರ್ ಕಡೆಯೇ ತೊಂದರೆ ಇದೆ ಅಂತ ಅರ್ಥ.

ಎರಡನೆಯ ಸಲ ಹತ್ತಿದ್ದು ವಾಪಸ್ ಬರುವಾಗ, ನಡುವಟ್ಟಂ ಇಳಿದು ಗೂಡಲೂರು ಸೇರುವ ಹೊತ್ತಿಗೆ. ಮಧ್ಯಾಹ್ನ ಮೂರೂವರೆ. ಚಳಿ ಇರಲಿಲ್ಲ. ಹೆಂಡತಿ, "ಇದೂ ನಿನ್ನೆ ಥರಾನೇ ಇರಬೇಕು, ಹೋಗೋಣ ನಡೀರಿ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಆದರೆ ಮುಂದೆ ತೊರಪಳ್ಳಿ ದಾಟಿದರೆ ಮುದುಮಲೈ, ಆಮೇಲೆ ಬಂಡೀಪುರ. ಕಾಡಿನೊಳಗೆ ಗಾಡಿ ನಿಲ್ಲಿಸೋ ಹಾಗಿಲ್ಲ. ಆನೆ ಓಡಾಡುವ ಜಾಗದಲ್ಲಿ ಇಳಿದು ಸ್ಟೆಪ್ನಿ ಹಾಕುವ ಮಾತೇ ಇಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ರಸ್ತೆಯೇ ಬಂದ್. ಅದಕ್ಕೇ ಊರೊಳಗೆ ನಿಲ್ಲಿಸಿ ಅಳೆದೆ. 37, 37, 36. ಹಿಂದಿನ ಎಡಗಡೆ ಟೈರ್ ಬಿಸಿ ಇರುವಾಗಲೇ 25.

ಒಂದೇ ಟೈರ್ ಇಳಿದಿದ್ದರೆ ಅದು ಚಳಿಯಲ್ಲ, ತೂತು. ಬಗ್ಗಿ ಕೈಯಾಡಿಸಿದೆ. ಟೈರಿನ ಗೀರಿನ ನಡುವೆ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಚುಕ್ಕೆ ಹೊಳೀತಾ ಇತ್ತು. ಸ್ಕ್ರೂ ತಲೆ, ರಸ್ತೆಗೆ ಉಜ್ಜಿ ಉಜ್ಜಿ ಸಪಾಟಾಗಿತ್ತು. ಬಾಟಲಿಯಿಂದ ನೀರು ಬಿಟ್ಟೆ. ಅದರ ಸುತ್ತ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತು. ಕೀಳೋಣ ಅಂತ ಕೈ ಹಾಕಿದೆ. ಎದುರಿನ ಪಂಚರ್ ಅಂಗಡಿಯವರು ಅಲ್ಲಿಂದಲೇ ಕೂಗಿದರು: "ಕೀಳ್ಬೇಡಿ ಸಾರ್! ಹಾಗೇ ಇಲ್ಲಿಗೆ ತನ್ನಿ." ಅವರು ಹೇಳಿದ್ದೇ ಸರಿ. ಒಳಗಿರುವ ತನಕ ಅದೇ ತೂತಿಗೆ ಬಿರಡೆ. ಕಿತ್ತರೆ ಇರೋ ಗಾಳಿಯೂ ಹೋಗುತ್ತೆ.

ಟೈರ್ ಬಿಚ್ಚದೆ ಹೊರಗಿನಿಂದಲೇ ರಬ್ಬರ್ ಸ್ಟ್ರಿಪ್ ತೂರಿಸಿ ಪಂಚರ್ ಹಾಕಿದರು. ನೆಲಕ್ಕೆ ತಾಗುವ ಭಾಗದಲ್ಲಿ ಸಣ್ಣ ತೂತಿದ್ದರೆ ಸದ್ಯಕ್ಕೆ ಇದು ಸಾಕು. ಪಕ್ಕದ ಗೋಡೆಯಲ್ಲಿದ್ದರೆ ಪಂಚರ್ ನಂಬಿಕೊಂಡು ಹೋಗಬೇಡಿ, ಟೈರ್ ಬದಲಿಸಿ. ರಿಮ್‌ನಿಂದ ಟೈರ್ ಬಿಚ್ಚಲೇಬೇಕಾದರೆ, ವಾಲ್ವ್ ಹತ್ತಿರ ಒಳಗೆ ಸೆನ್ಸರ್ ಇದೆ ಅಂತ ಮೊದಲೇ ಹೇಳಿ. ಟೈರ್ ಎಬ್ಬಿಸುವ ಲಿವರ್ ತಾಗಿದರೆ ಮುರಿಯುತ್ತೆ, ಹೊಸದು ದುಬಾರಿ.

ನೀವು ಹೊರಡುವಾಗ ಗೇಜ್, ಪಂಪ್ ಎರಡೂ ಡಿಕ್ಕಿಯಲ್ಲಿರಲಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಅದನ್ನು ಎಲ್ಲರೂ ಮರೀತಾರೆ. ಘಾಟಿಯ ತಿರುವಿನಲ್ಲಿ ದೀಪ ಹತ್ತಿದರೆ ಗಡಬಡಿಸಿ ಬ್ರೇಕ್ ಹಾಕಬೇಡಿ. ಸ್ಟೇರಿಂಗ್ ಗಟ್ಟಿ ಹಿಡಿದು, ನಿಧಾನ ಮಾಡಿ, ಸಮತಟ್ಟಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಗಾಳಿ ಕಡಿಮೆ ಇರೋ ಟೈರ್ ತಿರುವಿನಲ್ಲಿ ಮಡಚಿಕೊಳ್ಳುತ್ತೆ, ಬೇಗ ಕಾಯುತ್ತೆ. ಗಾಡಿ ತುಂಬ ಜನ, ಸಾಮಾನು ಇದ್ದರಂತೂ ಇನ್ನೂ ಅಪಾಯ. ಅಂದಹಾಗೆ, 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಇ-ಪಾಸ್ ಬೇಕು, ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಗೂಡಲೂರಿನಲ್ಲಿ ಅರ್ಧ ಗಂಟೆ ಹೋಯಿತು, ಅಷ್ಟೇ. ಅಂಗಡಿ ಪಕ್ಕದಲ್ಲೇ ಅಮ್ಮ, ಮಗಳು ಚಹಾ ಬಿಸ್ಕತ್ತು ಮುಗಿಸಿದರು. ಆರು ಗಂಟೆಯ ಒಳಗೆ ಕಾಡು ದಾಟಿ ಗುಂಡ್ಲುಪೇಟೆ ಸೇರಿದೆವು. ಪಂಚರ್ ಹಾಕಿಸಿದ ಟೈರನ್ನು ಎರಡು ಮೂರು ದಿನ ಮತ್ತೆ ಅಳೆಯಬೇಕು. ಮನೆಗೆ ಬಂದ ಮರುದಿನ ಬೆಳಿಗ್ಗೆ ನೋಡಿದೆ, 33. ಮೂರನೆಯ ದಿನವೂ 33.