ಕಾರನ್ನು ಹಡಗಿಗೆ ಹತ್ತಿಸೋದಾ, ಅಲ್ಲೇ ಕೊಳ್ಳೋದಾ?

ದ್ವೀಪಕ್ಕೆ ಮನೆ ಬದಲಾಯಿಸುವುದು ಗಟ್ಟಿಯಾದ ದಿನದಿಂದ ನನಗೆ ಕಾರಿನದೇ ಚಿಂತೆ. ಎಂಟು ವರ್ಷ ಜೊತೆಗಿದ್ದ ಗಾಡಿ, ಅದರ ಒಂದೊಂದು ಸದ್ದೂ ಗೊತ್ತು. ಹಡಗಿನ ಬಾಡಿಗೆ ಮಾತ್ರ ನೋಡಿದರೆ ಕಳಿಸುವುದೇ ಲಾಭ ಅನ್ನಿಸುತ್ತೆ. ಆದರೆ ವಿಮೆ, ಬಂದರಿನ ಶುಲ್ಕ, ಬೇರೆ ದೇಶವಾದರೆ ಆಮದು ಸುಂಕ, ಮತ್ತೆ ಹೊಸದಾಗಿ ನೋಂದಣಿ, ಇವನ್ನೆಲ್ಲ ಕೂಡಿಸಿದ ಮೇಲೇ ನಿಜವಾದ ಲೆಕ್ಕ ಸಿಗೋದು. ರೋ-ರೋ ಹಡಗಿಗೆ ಕಾರನ್ನು ಓಡಿಸಿಕೊಂಡೇ ಹತ್ತಿಸುತ್ತಾರೆ, ಸಾಮಾನ್ಯವಾಗಿ ಕಂಟೇನರ್‌ಗಿಂತ ಅಗ್ಗ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಜಾಸ್ತಿ ಇರಬಾರದು ಅಂತಾರೆ, ಡಿಕ್ಕಿಯಲ್ಲಿ ಮನೆ ಸಾಮಾನು ತುಂಬೋಕೂ ಹೆಚ್ಚಿನ ಕಡೆ ಬಿಡಲ್ಲ.

ಅಲ್ಲೇ ಕೊಳ್ಳೋಣ ಅಂದ್ರೆ ಆಯ್ಕೆ ಕಡಿಮೆ, ಮೇಲಾಗಿ ಉಪ್ಪು ಗಾಳಿ. ಅಲ್ಲಿ ನೋಡಿದ ಒಂದು ಹಳೆ ಕಾರು ಮೇಲೆ ಫಳಫಳ ಹೊಳೀತಿತ್ತು. ಬಗ್ಗಿ ಅಡಿಗೆ ಟಾರ್ಚ್ ಬಿಟ್ಟು ಸೈಲೆನ್ಸರ್ ಪೈಪು ಮುಟ್ಟಿದೆ, ತುಕ್ಕು ಪದರ ಪದರವಾಗಿ ಕೈಗೆ ಬಂತು. ಹೊಸದು ಕೊಂಡರೂ ಅದೇ ಗಾಳಿ ಅಲ್ವಾ?

ನನ್ನ ಮಟ್ಟಿಗೆ ತೀರ್ಮಾನ ಮಾಡಿಸಿದ್ದು ಬಿಡಿಭಾಗ. ಅಲ್ಲಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಿದೆ, ನನ್ನ ಮಾಡೆಲ್‌ನ ಸಾಮಾನು ಅಲ್ಲೇ ಸಿಗುತ್ತಂತೆ. ಸಿಗಲ್ಲ ಅಂದಿದ್ದರೆ ಮಾರಿಬಿಡುತ್ತಿದ್ದೆ. ಈಗ ನನ್ನ ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಿದ್ದೇನೆ. ಇರುವ ಗೀರುಗಳ ಫೋಟೋ ತೆಗೆದಿಟ್ಟುಕೊಂಡು ಮುಂದಿನ ವಾರ ಬಂದರಿಗೆ ಬಿಟ್ಟು ಬರ್ತೀನಿ.