ಪಟ್ಟಿಯಲ್ಲಿ 30, ಮಂಚದಲ್ಲಿ 15

ವೆಂಟಿಲೇಟರ್ ಮೇಲಿರುವ ರೋಗಿಯ ಶ್ವಾಸಕೋಶಕ್ಕೆ ಸೋಂಕು ಇಳಿಯದಿರಲು ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಐಸಿಯುಗೆ ಕಾಲಿಟ್ಟ ನರ್ಸ್‌ಗೆ ಮೊದಲ ವಾರವೇ ಕಲಿಸುವ ಪಾಠವಿದು. ಆ ರಾತ್ರಿ ಪಾಳಿಯಲ್ಲಿ ನಾನೂ ಪಟ್ಟಿಯಲ್ಲಿ 30 ಎಂದು ಬರೆದು ಸಹಿ ಹಾಕಿದ್ದೆ. ಬೆಳಗ್ಗೆ ರೌಂಡ್ಸ್‌ಗೆ ಬಂದ ವೈದ್ಯರು ಏನೂ ಹೇಳದೆ ಬಗ್ಗಿ, ಮಂಚದ ಪಕ್ಕದ ಕೋನಮಾಪಕದತ್ತ ಬೆರಳು ತೋರಿಸಿದರು. ಅದರೊಳಗಿನ ಪುಟ್ಟ ಗುಂಡು 15ರ ಬಳಿ ನಿಂತಿತ್ತು.

ನಾನು ಸುಳ್ಳು ಬರೆದಿರಲಿಲ್ಲ. ಬರೆದಾಗ 30 ಇತ್ತು. ಆಮೇಲೆ ಎಕ್ಸ್‌ರೇಗೆಂದು ಮಂಚವನ್ನು ಮಟ್ಟ ಮಾಡಿದೆವು, ಮೈ ಒರೆಸಲು ಇನ್ನೊಮ್ಮೆ ಇಳಿಸಿದೆವು, ಮತ್ತೆ ಎತ್ತುವಾಗ ಕಣ್ಣಳತೆಯನ್ನೇ ನಂಬಿದೆವು. ದಣಿದ ಕಣ್ಣಿಗೆ 15 ಕೂಡ 30ರಂತೆಯೇ ಕಾಣುತ್ತದೆ.

ಎರಡು ದಿನಗಳಲ್ಲಿ ರೋಗಿಯ ಕಫ ಹಳದಿಗಟ್ಟಿತು, ಜ್ವರ ಬಂತು, ಆಮ್ಲಜನಕವನ್ನು ಏರಿಸಬೇಕಾಯಿತು. ಉಸಿರಾಟಕ್ಕೆಂದು ಶ್ವಾಸನಾಳದೊಳಗೆ ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾ ವೆಂಟಿಲೇಟರ್‌ನ ಲೆಕ್ಕಕ್ಕೆ ಸೇರುತ್ತದೆ, ಅಂದರೆ ನಮ್ಮ ಲೆಕ್ಕಕ್ಕೆ. ಆ ಒಂದು ರಾತ್ರಿಯೇ ಕಾರಣ ಎನ್ನಲಾರೆ. ಅಲ್ಲವೇ ಅಲ್ಲ ಎನ್ನುವ ಧೈರ್ಯವೂ ನನಗಿಲ್ಲ.

ಯಂತ್ರದ ಗಾಳಿಯಿಂದ ಸೋಂಕು ಬರುತ್ತದೆಂದು ಮನೆಯವರು ಹೆದರುತ್ತಾರೆ. ಹೆಚ್ಚಿನ ಸಲ ಅದು ಇಳಿಯುವುದು ರೋಗಿಯ ಬಾಯಿಯಿಂದಲೇ. ಟ್ಯೂಬ್‌ನ ತುದಿಯ ಬಳಿ ಗಾಳಿ ತುಂಬಿದ ಸಣ್ಣ ಬಲೂನು ಇರುತ್ತದೆ. ಅದಕ್ಕೆ ಕಫ್ ಎನ್ನುತ್ತೇವೆ (ನಮ್ಮ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊಸಬರು ಮಾತ್ರ ಗಲಿಬಿಲಿಗೊಳ್ಳುತ್ತಾರೆ). ಅದರ ಮೇಲೆ ಜೊಲ್ಲು ಮಡುಗಟ್ಟಿ, ಬಲೂನಿನ ಸುಕ್ಕುಗಳ ಸಂದಿಯಲ್ಲಿ ಹನಿಹನಿಯಾಗಿ ಶ್ವಾಸಕೋಶಕ್ಕೆ ಜಿನುಗುತ್ತದೆ. ಕಫ್‌ನ ಒತ್ತಡ 20 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಇಳಿದರೆ ಸೋರಿಕೆ ಹೆಚ್ಚುತ್ತದೆ, 30 ದಾಟಿದರೆ ಶ್ವಾಸನಾಳದ ಗೋಡೆಗೆ ಪೆಟ್ಟು. ಇದನ್ನೂ ನಾನು ಬೆರಳಲ್ಲಿ ಹಿಚುಕಿ ನೋಡಿ ಸರಿಯಿದೆ ಎನ್ನುತ್ತಿದ್ದವಳೇ. ಈಗ ಮಾಪಕವಿಲ್ಲದೆ ಮುಟ್ಟುವುದಿಲ್ಲ.

ಇನ್ನೊಂದು ಅಪಾಯ, ಕೊಳವೆಯಲ್ಲಿ ನಿಲ್ಲುವ ನೀರು. ವೆಂಟಿಲೇಟರ್‌ನ ಸುರುಳಿ ಕೊಳವೆಯಲ್ಲಿ ಹಬೆ ತಣಿದು ನೀರು ನಿಲ್ಲುತ್ತದೆ. ಅದನ್ನು ಚೆಲ್ಲದೆ ರೋಗಿಯನ್ನು ಮಗ್ಗುಲಿಗೆ ಹೊರಳಿಸಿದರೆ, ಗುಳುಗುಳು ಸದ್ದಿನೊಡನೆ ನೀರು ಹರಿಯುವುದು ಶ್ವಾಸನಾಳದ ಕಡೆಗೇ. ಒಮ್ಮೆ ಆ ಸದ್ದು ಕೇಳಿದವರಿಗೆ ಮತ್ತೆ ನೆನಪಿಸಬೇಕಾಗಿಲ್ಲ. ಕೊಳವೆಯನ್ನೇ ಆಗಾಗ ಬದಲಿಸುತ್ತಿದ್ದರೆ ಸೋಂಕು ತಗ್ಗುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಕೊಳೆಯಾದಾಗ ಅಥವಾ ಕೆಟ್ಟಾಗ ಬದಲಿಸಿದರೆ ಸಾಕು. ಆ ಹೊತ್ತಿನಲ್ಲಿ ರೋಗಿಯ ಹಲ್ಲುಜ್ಜಿದರೆ ಹೆಚ್ಚು ಲಾಭ.

ನಮ್ಮ ಘಟಕದಲ್ಲಿ ಈಗ ಮಂಚ ಇಳಿಸಿದವರೇ ಎತ್ತಿ, ಗುಂಡು ನಿಂತ ಅಂಕಿಯನ್ನು ಗಟ್ಟಿಯಾಗಿ ಓದಿ ಹೊರಡಬೇಕು. ಎಕ್ಸ್‌ರೇ ತಂತ್ರಜ್ಞರು ಮೊದಮೊದಲು ನಕ್ಕರು.

ಆ ರೋಗಿ ಬದುಕಿದರು. ದಿನವೂ ಬೆಳಗ್ಗೆ ನಿದ್ದೆಯ ಔಷಧ ತಗ್ಗಿಸಿ ಉಸಿರಾಟ ಪರೀಕ್ಷಿಸುತ್ತಾ, ಕೊನೆಗೆ ಟ್ಯೂಬ್ ತೆಗೆದೆವು. ಒಡೆದ ದನಿಯಲ್ಲಿ ಅವರು ಮೊದಲು ಕೇಳಿದ್ದು, ಈ ಮಂಚವನ್ನು ಒಮ್ಮೆ ಮಟ್ಟಸವಾಗಿ ಮಾಡಿಕೊಡಲು ಆಗುತ್ತದೆಯೇ ಎಂದು.