ಲೈನ್ ಎರಡು, ದಾರಿ ಒಂದೇ

ತುಮಕೂರಲ್ಲಿ ಆಫೀಸು, ಫ್ಯಾಕ್ಟರಿಗಳಿಗೆ ಇಂಟರ್ನೆಟ್ ಫೈಬರ್ ಎಳೆಯೋ ಟೀಮಲ್ಲಿದೀನಿ. ಹೊಸ ಕಸ್ಟಮರ್ ಹತ್ರ ಹೋದ್ರೆ ಮೊದಲು ಕೇಳೋದು ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟಾಗತ್ತೆ ಅಂತ. ಕೇಬಲ್ ಯಾವ ದಾರೀಲಿ ಬರತ್ತೆ ಅಂತ ಕೇಳೋರೇ ಅಪರೂಪ, ನನ್ನ ಕೇಳಿದ್ರೆ ಮೊದಲು ಕೇಳ್ಬೇಕಾಗಿರೋದೇ ಅದು.

ನಮ್ಮೂರ ಮ್ಯಾಪ್ ತೆಗೆದು ನೋಡಿ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರ, ಎಲ್ಲಾ ಇಂಡಸ್ಟ್ರಿಯಲ್ ಏರಿಯಾನೂ ಎನ್‌ಎಚ್ 48ರ ಆಸುಪಾಸಲ್ಲೇ ಇರೋದು, ಬೆಂಗಳೂರಿಗೆ ಹೋಗೋ 70 ಕಿಲೋಮೀಟರೂ ಅದೇ ರೋಡು, ಹಂಗಾಗಿ ಯಾರು ಕೇಬಲ್ ಹಾಕಿದ್ರೂ ಹೈವೇ ಪಕ್ಕಾನೇ ಹಾಕ್ತಾರೆ, ಮೋರಿ ಬಂದ್ರೆ ಎಲ್ರೂ ಅಲ್ಲೇ ದಾಟ್ಸೋದು. ಕಸ್ಟಮರ್ ಮಾತ್ರ ‘ಸಾರ್ ಎರಡು ಕಂಪನಿ ಲೈನ್ ಇದೆ ನಮ್ಮತ್ರ, ಒಂದು ಹೋದ್ರೆ ಇನ್ನೊಂದು’ ಅಂತ ನಿಶ್ಚಿಂತೆಯಾಗಿರ್ತಾರೆ. ಒಂದು ಯೂನಿಟ್‌ನಲ್ಲಿ ಹಿಂಗೇ ಇತ್ತು, ಮೋರಿ ರಿಪೇರಿಗೆ ಬಂದ ಜೆಸಿಬಿ ಒಂದೇ ಏಟಿಗೆ ಎರಡೂ ಲೈನ್ ತೆಗೀತು, ಲಾರಿ ಲೋಡಾಗಿ ನಿಂತಿದೆ, ಸರಕು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಆನ್‌ಲೈನಲ್ಲಿ ತೆಗೆಯೋಕೆ ಅಕೌಂಟ್ಸ್‌ನವ್ರು ಮೊಬೈಲ್ ಹಾಟ್‌ಸ್ಪಾಟ್ ಹಿಡ್ಕೊಂಡು ಗೇಟ್ ಹತ್ರ ಸಿಗ್ನಲ್ ಹುಡುಕ್ತಿದ್ರು. ವಿಚಾರಿಸಿದ್ರೆ ಎರಡನೇ ಕಂಪನಿಯವ್ರು ಸ್ವಂತ ಕೇಬಲ್ಲೇ ಹಾಕಿಲ್ಲ, ಮೊದಲನೆಯವ್ರ ಕೇಬಲ್‌ನಲ್ಲೇ ಡಾರ್ಕ್ ಫೈಬರ್ (ಬಳಸದೆ ಖಾಲಿ ಬಿಟ್ಟಿರೋ ಎಳೆ) ಬಾಡಿಗೆಗೆ ತಗೊಂಡಿದಾರೆ! ಬಿಲ್ ಎರಡು ಬರತ್ತೆ, ಕೇಬಲ್ ಒಂದೇ.

ಕಟ್ ಹುಡುಕೋದೂ ಅಷ್ಟು ಸುಲಭ ಇಲ್ಲ. ಓಟಿಡಿಆರ್ (ಫೈಬರ್ ಒಳಗೆ ಬೆಳಕು ಬಿಟ್ಟು ಕಟ್ ಎಷ್ಟು ದೂರ ಅಂತ ಅಳೆಯೋ ಮೀಟರ್) 4.2 ಕಿಲೋಮೀಟರ್ ಅಂತ ತೋರಿಸ್ತು ಅಂದ್ರೆ ಅದು ಒಳಗಿರೋ ಫೈಬರ್ ಉದ್ದ, ರೋಡಿನ ಉದ್ದ ಅಲ್ಲ. ನೆಲದೊಳಗಿನ ಚೇಂಬರ್ ಚೇಂಬರಲ್ಲೂ ಸುತ್ತಿಟ್ಟಿರೋ ಹೆಚ್ಚುವರಿ ಕೇಬಲ್ ಲೂಪ್ ಕಳೀಬೇಕು, ಅದು ಡ್ರಾಯಿಂಗಲ್ಲಿ ಬರೆದಿಲ್ಲ ಅಂದ್ರೆ ನಾವು ತೋಡಿದ ಗುಂಡಿ ಒಂದು ಕಡೆ, ಕಟ್ ಇನ್ನೊಂದು ಕಡೆ. ಡ್ರಾಯಿಂಗಲ್ಲಿ ಆಳ 1.65 ಮೀಟರ್ ಅಂತಿರತ್ತೆ, ಆದ್ರೆ ನಮ್ಮ ಕಡೆ ಸ್ವಲ್ಪ ಅಗೆದ್ರೆ ಬಂಡೆ, ಅಷ್ಟು ಆಳ ಹೋಗಕ್ಕಾಗಲ್ಲ, ಅಂಥ ಕಡೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಹಾಕಿ ಕಾಂಕ್ರೀಟ್ ಸುರೀಬೇಕು, ಸುರಿದ್ರಾ ಇಲ್ವಾ ಅಂತ ಮಣ್ಣು ಮುಚ್ಚಿದ್ಮೇಲೆ ದೇವರಿಗೇ ಗೊತ್ತು. ಅದಕ್ಕೇ ಮುಚ್ಚೋ ಮುಂಚೆ ಅಳತೆ ಟೇಪ್ ಇಟ್ಟು ಫೋಟೋ ತೆಗ್ಸಿ.

ಸೆಕೆಂಡ್ ಲೈನ್ ತಗೊಳೋರು ಎರಡೂ ಕಂಪನಿಯಿಂದ ರೂಟಿನ ಕೆಎಂಝಡ್ ಫೈಲ್ (ಮ್ಯಾಪ್ ಮೇಲೆ ಕೇಬಲ್ ದಾರಿ ಗೆರೆಯಾಗಿ ತೋರಿಸೋ ಫೈಲ್) ಇಸ್ಕೊಂಡು ಗೂಗಲ್ ಅರ್ಥ್‌ನಲ್ಲಿ ಒಟ್ಟಿಗೆ ಹಾಕಿ ನೋಡಿ. ಮೋರಿ, ರೈಲ್ವೆ ಕ್ರಾಸಿಂಗ್, ನಿಮ್ಮ ಕಾಂಪೌಂಡ್ ಒಳಗೆ ಬರೋ ಜಾಗ, ಇಲ್ಲೆಲ್ಲ ಎರಡು ಗೆರೆ ಒಂದಾಗ್ತಿದ್ರೆ ಕೇಳಿ. ಕಂಪನಿಯವ್ರು ಕುಣಿಗಲ್ ಮೇಲೆ ತರ್ತೀವಿ ಅಂತಾರೆ, ಸರಿ, ನೆಲಮಂಗಲಕ್ಕೆ ಬಂದ್ಮೇಲೆ ಮತ್ತೆ ಅದೇ ಹೈವೇ ತಾನೆ? ಕೊರಟಗೆರೆ, ದೊಡ್ಡಬಳ್ಳಾಪುರ ಮೇಲೆ ಬಂದ್ರೆ ಅದು ಬೇರೆ ದಾರಿ. ಸುತ್ತಾಗತ್ತೆ, ಸ್ಲೋ ಆಗಲ್ವಾ ಅಂತಾರೆ ಕಸ್ಟಮರ್, ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗತ್ತೆ ಸ್ವಾಮಿ, 40 ಕಿಲೋಮೀಟರ್ ಜಾಸ್ತಿ ಆದ್ರೆ 0.2 ಮಿಲಿಸೆಕೆಂಡ್, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಅದು ಗೊತ್ತೂ ಆಗಲ್ಲ. ಜಾಸ್ತಿ ಆಗೋದು ದುಡ್ಡು. ಅಷ್ಟು ಬಜೆಟ್ ಇಲ್ಲ ಅನ್ನೋರಿಗೆ ಎರಡನೇದು ಫೈಬರೇ ಬೇಡ, ಛಾವಣಿ ಮೇಲೆ ಒಂದು ರೇಡಿಯೋ ಲಿಂಕ್ (ಕೇಬಲ್ ಇಲ್ದೆ ಆಂಟೆನಾದಿಂದ ಬರೋ ಇಂಟರ್ನೆಟ್) ಹಾಕಿಸ್ಕೊಳಿ ಅಂತೀನಿ, ಸ್ಪೀಡ್ ಕಮ್ಮಿ ಇದ್ರೂ ಬಿಲ್ಲಿಂಗು, ಮೇಲ್ ನಡೆಯತ್ತೆ, ಜೆಸಿಬಿ ಅಂತೂ ಅಷ್ಟೆತ್ತರಕ್ಕೆ ಹತ್ತಲ್ಲ.